ಅಲುಗಾಡಬೇಡಿ ಎಂದವರಿಗೆ

ಮಾನ್ಯರೇ,

ನೆಲದಡಿಯಲ್ಲಿ ಎಣ್ಣೆ ಹುಡುಕಲು ಅನುಮತಿ ಕೊಡುವವರೂ ತಾವೇ, ಭೂಮಿಯ ಬಿಸಿ ಏರದಂತೆ ನೋಡಿಕೊಳ್ಳುತ್ತೇವೆ ಎಂದು ಈ ದೇಶ ಜಗತ್ತಿಗೆ ಕೊಟ್ಟ ಮಾತನ್ನು ಕಾಯುವವರೂ ತಾವೇ. ಕುರ್ಚಿ ಎರಡು, ಕೂರುವ ಮಂತ್ರಿ ಒಬ್ಬರು. ಹೋದ ಬೇಸಿಗೆಯಲ್ಲಿ ತಮ್ಮ ಒಂದು ಕೈ ಕೊಟ್ಟ ಅನುಮತಿಯಂತೆ ಎಣ್ಣೆ ಹುಡುಕಲು ಹೋದ ನನ್ನ ಗಂಡ, ತಮ್ಮ ಇನ್ನೊಂದು ಕೈ ಎಚ್ಚರಿಕೆ ಬರೆದಿದ್ದ ಅದೇ ಬಿಸಿಲಿನಲ್ಲಿ, ಕೂತಲ್ಲೇ ತೀರಿಹೋದರು. ಈಗ ತಾವು ಪೊದೆಗಾಡಿನ ಆಚೆ ಹೊಸ ಜಾಗಗಳಲ್ಲಿ ಹುಡುಕಾಟಕ್ಕೆ ಸಹಿ ಹಾಕಲು ಹೊರಟಿದ್ದೀರಿ. ಗಂಡ ಕೂತಿದ್ದ ಜಾಗದಲ್ಲಿ ಕೂರಲು ನನ್ನ ಮಗಳಿಗೆ ಕರೆ ಬಂದಿದೆ. ಆ ಸಹಿ ಹಾಕಬೇಡಿ ಎಂದು ಕೇಳುವುದಕ್ಕೆ ಈ ಪತ್ರ. ತಮ್ಮ ಕಚೇರಿಗೆ ಕಳಿಸಿದರೆ ಅದು ಯಾವ ಮಹಡಿಗೆ ಹೋಗಬೇಕೋ ತಿಳಿಯದೆ ಮೆಟ್ಟಿಲ ಮೇಲೇ ಉಳಿದೀತು ಎಂದು ಹೆದರಿ, ಪತ್ರಿಕೆಗೆ ಕಳಿಸಿದ್ದೇನೆ.

ನನ್ನ ಓದು ನಡುನಡುವೆ ಹರಿದ ಓದು. ಅಮ್ಮನಿಗೆ ಕಾಯಿಲೆ ಬಂದಾಗ ಶಾಲೆ ಬಿಟ್ಟೆ, ಅಮ್ಮ ಎದ್ದಾಗ ಮತ್ತೆ ಸೇರಿದೆ, ಅಮ್ಮ ಮತ್ತೆ ಮಲಗಿದಾಗ ಮತ್ತೆ ಬಿಟ್ಟೆ. ಆದ್ದರಿಂದ ಯಾವ ರಾಜ ಗೆದ್ದ ಎಂಬುದು ಗೊತ್ತು, ಯಾಕೆ ಜಗಳವಾಡಿದ ಎಂಬುದು ಗೊತ್ತಿಲ್ಲ. ಇಲ್ಲಿ ಎಲ್ಲಾದರೂ ಕಾಗುಣಿತ ತಪ್ಪಿದ್ದರೆ ತಿದ್ದಿಕೊಂಡು ಓದಿ, ಆದರೆ ತಪ್ಪಿದೆ ಎಂದು ಓದದೆ ಬಿಡಬೇಡಿ. ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರಾದರೂ ತಮ್ಮ ಕಿವಿಗೆ ಹಾಕುವ ಬದಲು. ನಾನು ಗಾಬರಿ ಬೀಳುವ ಹೆಂಗಸು. ಮನೆಗೆ ಬೀಗ ಹಾಕಿ ಎಳೆದು ನೋಡುತ್ತೇನೆ, ಬೀದಿಯ ತಿರುವಿನವರೆಗೆ ಹೋಗಿ ವಾಪಸು ಬಂದು ಮತ್ತೆ ಎಳೆದು ನೋಡುತ್ತೇನೆ. ಒಲೆ ಆರಿಸಿದ ಮೇಲೂ ಗುಂಡಿ ಮುಟ್ಟಿ ನೋಡುತ್ತೇನೆ. ಈ ಪತ್ರ ಅಚ್ಚಾದರೆ ಗತಿಯೇನು ಎಂಬ ಚಿಂತೆ ಒಂದು ಕಡೆ, ಅಚ್ಚಾಗದಿದ್ದರೆ ಏನು ಎಂಬ ಚಿಂತೆ ಇನ್ನೊಂದು ಕಡೆ. ನನ್ನ ಗಂಡ ನನ್ನನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. "ಏನೇ ಗಾಬರಿ, ನೀರು ಕೊಡೇ" ಎನ್ನುತ್ತಿದ್ದರು. ಅದೇ ನನ್ನ ಹೆಸರಾಗಿತ್ತು.

ಅವರ ಹೆಸರು ಕಲ್ಲು. ಅದು ತಂದೆ ತಾಯಿ ಇಟ್ಟ ಹೆಸರಲ್ಲ, ಕೆಲಸ ಇಟ್ಟ ಹೆಸರು. ಅದು ತಮಗೆ ಅರ್ಥವಾಗಬೇಕಾದರೆ ತಾವು ಅನುಮತಿ ಕೊಡುವ ಕೆಲಸ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಹೇಳಬೇಕು. ತಮಗೆ ಗೊತ್ತಿಲ್ಲವೆಂದಲ್ಲ. ಮೇಜಿನ ಮೇಲೆ ಅದು ಬಣ್ಣದ ನಕ್ಷೆಯಾಗಿ ಬರುತ್ತದೆ, ನೆಲದ ಮೇಲೆ ಬೇರೆ ಥರ ಕಾಣುತ್ತದೆ, ಅಷ್ಟೇ. ನೆಲ ಕೊರೆದು, ಆಳದಲ್ಲಿ ಮದ್ದು ಇಟ್ಟು ಸಿಡಿಸುತ್ತಾರೆ. ಅದರ ಅದುರು, ಅಂದರೆ ನಡುಕ, ಕೆಳಗಿಳಿದು, ಬಂಡೆಗಳಿಗೆ ತಾಗಿ ಮೇಲೆ ಬರುತ್ತದೆ. ಮೇಲೆ ಬಂದದ್ದನ್ನು ಹಿಡಿಯಲು ಮುಷ್ಟಿಯಷ್ಟು ದೊಡ್ಡ ಡಬ್ಬಿಗಳನ್ನು ಸಾಲಾಗಿ ನೆಲಕ್ಕೆ ಚುಚ್ಚಿ, ತಂತಿಯಿಂದ ಒಂದಕ್ಕೊಂದು ಸೇರಿಸಿರುತ್ತಾರೆ. ನಮ್ಮವರು ಅವನ್ನು ಕಿವಿ ಅನ್ನುತ್ತಾರೆ. ಇಲಿ ಕಡಿದ, ಲಾರಿ ಹರಿದ ಕಿವಿಗಳ ತಂತಿ ಬೆಸೆದು ಕೊಡುವುದು ನನ್ನ ಕೆಲಸ. ಬಿಡಾರದ ತಗಡಿನ ಶೆಡ್ಡಿನಲ್ಲಿ ಕೂತು ಬೆಸೆಯುತ್ತೇನೆ, ಪಕ್ಕದಲ್ಲಿ ಉಗುರಿನಿಂದ ಟಕ್ ಎಂದು ಬಡಿದು ಮೀಟರಿನ ಮುಳ್ಳು ಅಲುಗುತ್ತದೆಯೋ ಇಲ್ಲವೋ ನೋಡುತ್ತೇನೆ. ಇರುವೆ ನಡೆದರೂ ಕೇಳಿಸಿಕೊಳ್ಳುವಷ್ಟು ಸೂಕ್ಷ್ಮ ಅವು ಎಂದು ನಮ್ಮವರು ಬಡಾಯಿ ಕೊಚ್ಚುತ್ತಾರೆ. ಇರುವೆಯದು ಸುಳ್ಳಿರಬಹುದು. ಮನುಷ್ಯ ನಡೆದರೆ ಮಾತ್ರ ಖಂಡಿತ ಕೇಳುತ್ತದೆ.

ಅದಕ್ಕೇ ನಮ್ಮಲ್ಲಿ ಒಂದು ಕಟ್ಟುಪಾಡಿದೆ. ಮದ್ದು ಸಿಡಿಯುವ ಮೊದಲು ಮೇಸ್ತ್ರಿ ವಾಕಿಟಾಕಿಯಲ್ಲಿ "ಅಲುಗಾಡಬೇಡಿ" ಎನ್ನುತ್ತಾರೆ. ಆಗ ಸಾಲಿನ ಉದ್ದಕ್ಕೂ ಯಾರು ಎಲ್ಲಿದ್ದಾರೋ ಅಲ್ಲೇ ನಿಲ್ಲಬೇಕು. ಕಾಲು ಎತ್ತಿದ್ದರೆ ಎತ್ತಿದಂತೆ, ಬಗ್ಗಿದ್ದರೆ ಬಗ್ಗಿದಂತೆ. ಕೆಮ್ಮು ನುಂಗಬೇಕು, ನೊಣ ಕೂತರೆ ಕೂರಲಿ ಎನ್ನಬೇಕು. ಸಿಡಿದು, ಅದುರು ಬಂದು, ದಾಖಲೆಯಾದ ಮೇಲೆ ಮೇಸ್ತ್ರಿ "ಆಯ್ತು, ಅಲುಗಾಡಿ" ಎನ್ನುತ್ತಾರೆ. ಆಗಷ್ಟೇ ಮೈ ಕೆರೆದುಕೊಳ್ಳಬಹುದು. ಹೊಸಬರು ತಡೆಯಲಾರದೆ ತೂಗಾಡುತ್ತಾರೆ, ಬೈಸಿಕೊಳ್ಳುತ್ತಾರೆ. ನನ್ನ ಗಂಡನ ಕೆಲಸ ಸಾಲು ಕಾಯುವುದು, ದನ ಕರು ದಾರಿಹೋಕರು ತಂತಿ ತುಳಿಯದಂತೆ ನೋಡಿಕೊಳ್ಳುವುದು. ಅಲುಗಾಡದೆ ಇರುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಒಮ್ಮೆ ಹಕ್ಕಿಯೊಂದು ಅವರ ಟೋಪಿಯ ಮೇಲೆ ಕೂತು ಎದ್ದು ಹೋಯಿತಂತೆ. "ಕಲ್ಲು ಅಂತ ತಿಳ್ಕೊಂಡ್ತು ಕಣೋ" ಎಂದು ಯಾರೋ ನಕ್ಕರು. ಹೆಸರು ಅಂಟಿಕೊಂಡಿತು.

ಅದನ್ನು ಅವರು ಮನೆಗೂ ತಂದರು. ಊಟದ ಹೊತ್ತಿನಲ್ಲಿ ಇದ್ದಕ್ಕಿದ್ದಂತೆ "ಅಲುಗಾಡಬೇಡಿ!" ಎನ್ನುವರು. ನಾನು ತಟ್ಟೆಗೆ ಬಡಿಸುತ್ತಿದ್ದ ಸೌಟು ಹಿಡಿದೇ ನಿಲ್ಲಬೇಕು, ಮಗಳು ಬಾಯಿ ತೆರೆದೇ ಕೂರಬೇಕು. ಸೋತವರು ಪಾತ್ರೆ ತೊಳೆಯಬೇಕು. ಮಗಳು ಒಂದು ದಿನವೂ ಗೆಲ್ಲಲಿಲ್ಲ. ಹುಟ್ಟಿದಾಗಿನಿಂದ ಒಂದೆಡೆ ನಿಂತವಳಲ್ಲ ಅವಳು, ಅಪ್ಪ ಅವಳನ್ನು ಬುಗುರಿ ಎನ್ನುತ್ತಿದ್ದರು. ಕಲ್ಲು, ಗಾಬರಿ, ಬುಗುರಿ. ಮೂರು ಜನರ ಮನೆ. "ನಮ್ಮನೇಲಿ ಮನುಷ್ಯರೇ ಇಲ್ವಲ್ಲಪ್ಪಾ" ಎಂದು ಮಗಳು ನಗುತ್ತಾ ಪಾತ್ರೆ ತೊಳೆಯುತ್ತಿದ್ದಳು.

ಆ ದಿನದ ಬಗ್ಗೆ ಬರೆಯುತ್ತೇನೆ. ಇದುವರೆಗೆ ಬರೆದದ್ದೆಲ್ಲ ಇದನ್ನು ಬರೆಯುವುದು ತಡವಾಗಲಿ ಎಂದೇ ಇರಬೇಕು.

ತಮ್ಮ ಕಚೇರಿಯ ಎಚ್ಚರಿಕೆ ಹಿಂದಿನ ದಿನವೇ ಬಂದಿತ್ತು. ಮಧ್ಯಾಹ್ನ ಯಾರೂ ಬಯಲಿನಲ್ಲಿ ದುಡಿಯಬಾರದು, ನೆರಳಿನಲ್ಲಿರಬೇಕು, ನೀರು ಕುಡಿಯುತ್ತಿರಬೇಕು ಎಂದು ಮೊಬೈಲಿನಲ್ಲಿ ಓದಿದೆ. ಒಳ್ಳೆಯ ಮಾತು, ಮುತ್ತಿನಂಥ ಮಾತು. ಆದರೆ ತಮ್ಮ ಕಚೇರಿಯದೇ ಇನ್ನೊಂದು ಮಾತೂ ಇತ್ತು: ಗಡುವಿನೊಳಗೆ ಶೋಧನೆ ಮುಗಿಸದಿದ್ದರೆ ಅನುಮತಿ ರದ್ದು. ಬಿಡಾರದ ಬಾಗಿಲಿಗೆ ಎರಡನ್ನೂ ಅಂಟಿಸಿದ್ದರು, ಅಕ್ಕಪಕ್ಕದಲ್ಲಿ, ಒಂದೇ ಮುದ್ರೆ ಎರಡಕ್ಕೂ. ಬೆಳಿಗ್ಗೆಯೆಲ್ಲ ಗಾಳಿ ಬೀಸಿತು. ಗಾಳಿ ಬೀಸಿದರೆ ಪೊದೆ ಅಲುಗಿ ಕಿವಿಗಳಿಗೆ ಗದ್ದಲ, ಕೆಲಸ ನಡೆಯುವುದಿಲ್ಲ. ಮಧ್ಯಾಹ್ನ ಗಾಳಿ ಪೂರ್ತಿ ನಿಂತುಬಿಟ್ಟಿತು. ಎಲೆ ಅಲುಗುತ್ತಿರಲಿಲ್ಲ. ಗಾಳಿ ನಿಂತ ಮಧ್ಯಾಹ್ನ ಮನುಷ್ಯನಿಗೆ ಕೆಟ್ಟದ್ದು, ಕಿವಿಗಳಿಗೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ದಾಖಲೆಯ ಗಾಡಿಯಲ್ಲಿ ಯಂತ್ರದ ಮುಂದೆ ಕೂರುವ ಸಾಹೇಬರು ಈಗಲೇ ಸಿಡಿಸಿ ಮುಗಿಸೋಣ ಎಂದರು. ಗಾಡಿಯೊಳಗೆ ಎ.ಸಿ. ಇದೆ. ಅದು ಅವರ ಸುಖಕ್ಕಲ್ಲ, ಯಂತ್ರ ಬಿಸಿಯಾಗಬಾರದು ಎಂದು.

ಮೇಸ್ತ್ರಿ ಕೆಟ್ಟವರಲ್ಲ. ಅದನ್ನು ಈ ಪತ್ರದಲ್ಲಿ ಬರೆದೇ ಬರೆಯುತ್ತೇನೆ. ಒಂದು ಸಿಡಿತಕ್ಕೂ ಇನ್ನೊಂದಕ್ಕೂ ನಡುವೆ ಎದ್ದು ಓಡಾಡಿ ಬಿಸಿಲಿನಲ್ಲಿ ದಣಿಯಬೇಡಿ ಎಂದು ಅವರು ಕನಿಕರದಿಂದಲೇ ಹೇಳಿದರು. "ಎಲ್ಲಾರೂ ಇದ್ದಲ್ಲೇ ಕೂತ್ಬಿಡ್ರಪ್ಪಾ. ನಡುನಡುವೆ ಬಿಡೋದಿಲ್ಲ, ಕೊನೇಲಿ ಒಂದೇ ಸಲ ಅಲುಗಾಡಿ ಅಂತೀನಿ. ಬೇಗ ಮುಗಿಸಿ ನೆರಳಿಗೆ ಹೋಗೋಣ." ನನ್ನ ಗಂಡ ಒಂದು ಒಣಗಿದ ಪೊದೆಯ ಪಕ್ಕ ಕೂತರು, ಮೊಣಕಾಲ ಮೇಲೆ ಹಣೆ ಇಟ್ಟುಕೊಂಡರು.

ನಾನು ಶೆಡ್ಡಿನಲ್ಲಿದ್ದೆ. ತಗಡು ಕಾದ ಹಂಚಿನಂತಾಗಿತ್ತು. ನನ್ನ ಸ್ವಭಾವ ನನ್ನನ್ನು ಬಿಡಲಿಲ್ಲ. ಒಂದು ಸಿಡಿತ ಮುಗಿದ ಕೂಡಲೇ ವಾಕಿಟಾಕಿಯ ಗುಂಡಿ ಒತ್ತಿ ಕೇಳಿದೆ, "ಮೇಸ್ತ್ರಿಯಣ್ಣಾ, ನಮ್ಮವರು ನೀರು ಕುಡಿದ್ರಾ?"

ಸಾಲಿನ ಉದ್ದಕ್ಕೂ ನಗು ಕೇಳಿಸಿತು. "ಬಂತು ನೋಡಪ್ಪಾ ಗಾಬರಿ ಆಕಾಶವಾಣಿ" ಎಂದರು ಯಾರೋ. ಮೇಸ್ತ್ರಿ ಅವರನ್ನು ಗದರಿಸಿ ನನಗೆ ಹೇಳಿದರು: "ತಂಗೀ, ಸುಮ್ನಿರಮ್ಮ. ನಿನ್ ಕಲ್ಲು ನನಗೆ ಇಲ್ಲಿಂದಾನೇ ಕಾಣ್ತಾವ್ನೆ. ಆರಾಮಾಗಿ ಕೂತವ್ನೆ, ಒಂಚೂರೂ ಅಲುಗಾಡಿಲ್ಲ."

ಒಂಚೂರೂ ಅಲುಗಾಡಿಲ್ಲ ಎಂದರು. ಅದನ್ನು ಕೇಳಿ ನನಗೆ ಸಮಾಧಾನವಾಯಿತು, ಮಾನ್ಯರೇ. ಜೀವಮಾನವೆಲ್ಲ ಯಾವ ಸಮಾಧಾನದ ಮಾತನ್ನೂ ನಂಬದೆ ಬದುಕಿದವಳು ಆ ಮಾತನ್ನು ನಂಬಿ ಬೆಸುಗೆಯ ಕೆಲಸಕ್ಕೆ ತಲೆ ಬಗ್ಗಿಸಿದೆ. ಗಾಡಿಯ ಸಾಹೇಬರೂ ಮಧ್ಯೆ ಬಂದು ಹೊಗಳಿದರು. "ಕಲ್ಲು ಇರೋ ಕಡೆ ದಾಖಲೆ ಕನ್ನಡಿ ಥರ ಬರ್ತಿದೆ ಕಣ್ರೀ. ಎಲ್ರೂ ಅವನನ್ನ ನೋಡಿ ಕಲೀರಿ." ನನಗೆ ಹೆಮ್ಮೆಯಾಯಿತು. ಮನೆಗೆ ಹೋದ ಮೇಲೆ ಬುಗುರಿಗೆ ಹೇಳಬೇಕು ಅಂದುಕೊಂಡೆ.

ಸಿಡಿತಗಳು ಮುಗಿದವು. ಮೇಸ್ತ್ರಿ "ಆಯ್ತು, ಅಲುಗಾಡಿ" ಎಂದರು. ಎಲ್ಲರೂ ಎದ್ದರು, ಮೈ ಮುರಿದರು, ನೀರಿನ ಡ್ರಮ್ಮಿನ ಕಡೆ ಓಡಿದರು. ನನ್ನ ಗಂಡ ಏಳಲಿಲ್ಲ. "ಏ ಕಲ್ಲು, ಸಾಕೋ, ಮುಗೀತು, ಬಹುಮಾನ ನಿಂದೇ" ಎಂದು ಪಕ್ಕದ ಕಾವಲಿನವ ಹೆಗಲು ತಟ್ಟಿದನಂತೆ. ಹೆಗಲು ತಟ್ಟಿದ ಕಡೆಗೇ ಅವರು ವಾಲಿದರು.

ಬೇರೆ ಯಾವ ಕೆಲಸದಲ್ಲಾದರೂ, ಮನುಷ್ಯನೊಬ್ಬ ಬಿಸಿಲಿನಲ್ಲಿ ಅಷ್ಟು ಹೊತ್ತು ಅಲುಗಾಡದೆ ಕೂತರೆ ಯಾರಾದರೂ ಓಡಿ ಹೋಗಿ ನೋಡುತ್ತಿದ್ದರು. ಇಟ್ಟಿಗೆ ಹೊರುವ ಕಡೆ, ರಸ್ತೆ ಹಾಕುವ ಕಡೆ ಹೀಗಾಗುವುದಿಲ್ಲ. ನಮ್ಮ ಕೆಲಸದಲ್ಲಿ ಮಾತ್ರ ಹೊಗಳುತ್ತಾರೆ. ನಾವು ಯಾರೂ ಕಣ್ಣಿಲ್ಲದವರಲ್ಲ. ಎಲ್ಲರಿಗೂ ಅವರು ಕಾಣುತ್ತಲೇ ಇದ್ದರು. ಕಂಡದ್ದನ್ನು ಒಳ್ಳೆಯ ಲಕ್ಷಣ ಎಂದು ತಿಳಿಯುವಂತೆ ನಾವು ಪಳಗಿಹೋಗಿದ್ದೆವು. ಭೂಮಿಯೊಳಗಿನ ಇಷ್ಟಿಷ್ಟು ಅದುರನ್ನೂ ಕೇಳಿಸಿಕೊಳ್ಳುವ ಕಿವಿಗಳು ಸಾಲುಗಟ್ಟಿ ಅವರ ಕಾಲಬುಡದಲ್ಲೇ ಇದ್ದವು. ನಾನೇ ಬೆಸೆದು, ಬಡಿದು ನೋಡಿ ಕೊಟ್ಟ ಕಿವಿಗಳು. ಅವರ ಎದೆ ನಿಂತದ್ದು ಒಂದಕ್ಕೂ ಕೇಳಲಿಲ್ಲ. ಕೇಳಿದ್ದರೂ ಯಂತ್ರ ಅದನ್ನು ಗದ್ದಲ ಎಂದು ಸೋಸಿ ಎಸೆಯುತ್ತಿತ್ತೇನೋ.

ಮರಣ ಪತ್ರದಲ್ಲಿ ಕಾರಣದ ಜಾಗಕ್ಕೆ ನೈಸರ್ಗಿಕ ಎಂದು ಬರೆದರು. ಬಿಸಿಲು ನಿಸರ್ಗದ್ದು, ನಿಸರ್ಗದ ಮೇಲೆ ದೂರು ಕೊಡಲು ಬರುವುದಿಲ್ಲ. ಹಾಗಾದರೆ ಒಂದು ಮಾತು ಕೇಳುತ್ತೇನೆ. ಬಿಸಿಲು ಹೀಗೆ ಏರುತ್ತಿರುವುದು ನಾವು ಉರಿಸಿದ ಎಣ್ಣೆ, ಕಲ್ಲಿದ್ದಲು, ಅನಿಲದಿಂದ ಎಂದು ತಮ್ಮ ಕಚೇರಿಯ ಗೋಡೆಯ ಮೇಲೇ ಚಿತ್ರ ಸಮೇತ ಹಾಕಿದ್ದೀರಿ. ನೋಡಿದ್ದೇನೆ, ಹಸಿರು ಚೌಕಟ್ಟು, ಚೆನ್ನಾಗಿದೆ. ಅಂದ ಮೇಲೆ ಆ ಬಿಸಿಲು ಯಾವ ಲೆಕ್ಕದಲ್ಲಿ ನಿಸರ್ಗದ್ದು? ಬೇಲಿಯೇ ಎದ್ದು ಹೊಲ ಮೇಯ್ದರೆ ಅದನ್ನೂ ನೈಸರ್ಗಿಕ ಎನ್ನುತ್ತೀರಾ?

ಹೊಸ ಜಾಗಗಳ ಬಗ್ಗೆ ತಾವು ಕರೆದ ಸಾರ್ವಜನಿಕ ಸಭೆಗೆ ನಾನು ಬಂದಿದ್ದೆ. ತಮಗೆ ನೆನಪಿರಲಾರದು. ಹಿಂದಿನ ಸಾಲಿನಲ್ಲಿ, ಬಾಗಿಲ ಹತ್ತಿರ ಕೂತಿದ್ದೆ, ಬೆಂಕಿ ಗಿಂಕಿ ಬಿದ್ದರೆ ಮೊದಲು ಹೊರಗೆ ಓಡಬಹುದಲ್ಲ ಎಂದು. ಮೈಕು ನನ್ನ ಕೈಗೆ ಬಂದಾಗ ಎದ್ದು ನಿಂತೆ. "ಸಾರ್, ಬಿಸಿ ಕಮ್ಮಿ ಮಾಡ್ತೀವಿ ಅಂತ ಮಾತು ಕೊಟ್ಟಿದೀರಿ. ಇರೋ ಬಾವಿಗಳನ್ನ ಉರಿಸಿದ್ರೇ ಆ ಮಾತು ತಪ್ಪುತ್ತಂತೆ. ಮತ್ತೆ ಹೊಸದು ಹುಡುಕೋದು ಯಾಕೆ ಸಾರ್?" ಎಂದೆ. ತಾವು ನಕ್ಕಿರಿ. ಕೆಟ್ಟ ನಗುವಲ್ಲ, ಮಕ್ಕಳನ್ನು ಕಂಡು ನಗುವ ನಗು. "ನೋಡಮ್ಮಾ, ಶೋಧನೆ ಬೇರೆ, ಉತ್ಪಾದನೆ ಬೇರೆ. ಕೆಳಗೇನಿದೆ ಅಂತ ತಿಳ್ಕೊಳ್ತಾ ಇದೀವಿ, ಅಷ್ಟೇ. ತಿಳ್ಕೊಳ್ಳೋದ್ರಿಂದ ಯಾರಿಗೂ ಬಿಸಿಲು ಹೊಡಿಯಲ್ಲ." ಸಭೆಯೂ ನಕ್ಕಿತು. ಹೊಡೀತು ಸಾರ್, ಒಬ್ಬರಿಗೆ ಹೊಡೀತು ಎಂದು ನಾನು ಹೇಳುವಷ್ಟರಲ್ಲಿ ಮೈಕು ಮುಂದಿನವರ ಕೈಗೆ ಹೋಗಿತ್ತು. ನಾನು ನಿಂತೇ ಇದ್ದೆ. ತಾವು ಕೈ ತೋರಿಸಿ ಹೇಳಿದಿರಿ, "ಗಾಬರಿ ಆಗ್ಬೇಡಿ, ಕೂತ್ಕೊಳ್ಳಿ. ಪರಿಸ್ಥಿತಿ ಸ್ಥಿರವಾಗಿದೆ."

ಸ್ಥಿರ ಎಂದರೆ ಏನು ಎಂದು ಮನೆಗೆ ಬಂದು ಮಗಳನ್ನು ಕೇಳಿದೆ. "ಅಲುಗಾಡದೇ ಇರೋದು ಅಮ್ಮಾ" ಎಂದಳು. ಹೇಳಿದ ಮೇಲೆ ಅವಳಿಗೇ ಹೊಳೆದು, ಎದ್ದು ಒಳಗೆ ಹೋದಳು.

ತಮ್ಮ ವಾದವನ್ನು ನಾನು ಬಹಳ ದಿನ ತಲೆಯಲ್ಲಿ ತಿರುಗಿಸಿದೆ. ಇಂಥದ್ದನ್ನು ಎಲ್ಲೋ ಕೇಳಿದ್ದೇನಲ್ಲ ಎನಿಸಿತು. ನನ್ನ ಅಕ್ಕನ ಗಂಡ, ನಮ್ಮ ಭಾವ, ಕುಡಿಯುವುದನ್ನು ಬಿಡುತ್ತೇನೆಂದು ಎಲ್ಲರೆದುರು ಮಕ್ಕಳ ತಲೆ ಮುಟ್ಟಿ ಆಣೆ ಮಾಡಿದರು. ವಾರ ಕಳೆಯುವುದರೊಳಗೆ ಊರಿನಲ್ಲಿ ಹೊಸ ಅಂಗಡಿ ಎಲ್ಲೆಲ್ಲಿ ತೆರೆಯುತ್ತಾರೆ ಎಂದು ವಿಚಾರಿಸಿಕೊಂಡು ತಿರುಗಹತ್ತಿದರು. ಅಕ್ಕ ಹಿಡಿದು ಕೇಳಿದಾಗ ಏನು ಹೇಳಿದರು ಗೊತ್ತೆ? "ಕುಡಿಯಕ್ಕಲ್ಲ ಕಣೇ. ಎಲ್ಲಿದೆ ಅಂತ ಗೊತ್ತಿದ್ರೆ ಮನಸ್ಸಿಗೆ ಒಂದು ಧೈರ್ಯ." ಅಕ್ಕ ಮೆಟ್ರಿಕ್ ಕೂಡ ಓದಿದವಳಲ್ಲ, ಆದರೂ ಆ ಧೈರ್ಯದ ಅರ್ಥ ಅವಳಿಗೆ ತಕ್ಷಣ ತಿಳಿಯಿತು. ಅಂದಿನಿಂದ ಭಾವನ ಚಪ್ಪಲಿ ಬಚ್ಚಿಟ್ಟಳು. ಇಂಧನ ಭದ್ರತೆ ಎಂದು ತಾವು ಹೇಳುವಾಗಲೆಲ್ಲ ನನಗೆ ಭಾವನ ಮುಖ ಕಾಣುತ್ತದೆ. ಬಿಡುವವನು ಹುಡುಕುವುದಿಲ್ಲ, ಮಾನ್ಯರೇ. ಹುಡುಕುವವನು ಬಿಡುವುದಿಲ್ಲ. ಹುಡುಕಲು ಇಷ್ಟೆಲ್ಲ ಖರ್ಚು ಮಾಡಿ, ಸಿಕ್ಕಿದ ಮೇಲೆ "ಸರಿ, ಅಲ್ಲೇ ಇರಲಿ" ಎಂದು ಮಣ್ಣು ಮುಚ್ಚಿ ಮನೆಗೆ ಹೋದ ಕಂಪನಿಯನ್ನು ನಾನಂತೂ ಕಂಡಿಲ್ಲ.

ಗಾಡಿಯ ಸಾಹೇಬರೇ ಒಮ್ಮೆ ಹೇಳಿದ್ದರು, ಇವತ್ತು ಹುಡುಕಿದ್ದು ಬಾವಿಯಾಗಿ ಮೇಲೆ ಬರಲು ಎಷ್ಟೋ ವರ್ಷ ಹಿಡಿಯುತ್ತದೆ, ಬಂದ ಮೇಲೆ ಎಷ್ಟೋ ವರ್ಷ ಹರಿಯುತ್ತದೆ ಎಂದು. ಅಂದರೆ ನನ್ನ ಗಂಡ ಕೂತಲ್ಲೇ ಸತ್ತು ಹುಡುಕಿಕೊಟ್ಟದ್ದು ಉರಿಯುವ ಹೊತ್ತಿಗೆ ನನ್ನ ಮಗಳಿಗೆ ನನ್ನ ವಯಸ್ಸಾಗಿರುತ್ತದೆ. ಎಣ್ಣೆ ಬಿಟ್ಟುಬಿಟ್ಟಿರುತ್ತೇವೆ ಎಂದು ತಾವು ಮಾತು ಕೊಟ್ಟ ವರ್ಷ ಅಷ್ಟರಲ್ಲಿ ಬಂದು ಹೋಗಿರುತ್ತದೆ. ಆಗ ಆ ಕುರ್ಚಿಯಲ್ಲಿ ತಾವಿರುವುದಿಲ್ಲ. ನಾನೂ ಇರುವೆನೋ ಇಲ್ಲವೋ. ಬಿಸಿಲು ಇರುತ್ತದೆ, ಅವಳು ಇರುತ್ತಾಳೆ. ಹಗಲು ಕಂಡ ಬಾವಿಗೆ ಇರುಳು ಬಿದ್ದಂತೆ ಎಂದು ಗಾದೆ. ನಾವು ಬಾವಿಯನ್ನು ಹಗಲೇ ಕಂಡು, ಅನುಮತಿ ಪಡೆದು, ನಾವೇ ತೋಡಿ, ಹಗಲೇ ಬೀಳುತ್ತಿದ್ದೇವೆ. ಬೀಳಲು ಇನ್ನೂ ಜಾಗ ಸಾಲದು ಎಂದು ಹೊಸದು ಹುಡುಕುತ್ತಿದ್ದೇವೆ.

ನಾವು ನಿಲ್ಲಿಸಿದರೆ ಪಕ್ಕದ ದೇಶ ಹುಡುಕುತ್ತದೆ, ಆಗ ಕೊಂಡು ತರಬೇಕಾಗುತ್ತದೆ ಎಂದು ಸಭೆಯಲ್ಲಿ ಒಬ್ಬರು ಹೇಳಿದರು. ಇರಬಹುದು. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ, ಆ ಪಾಠದ ದಿನವೂ ನಾನು ಶಾಲೆಗೆ ಹೋಗಿರಲಿಲ್ಲ ಅಂತ ಕಾಣುತ್ತದೆ. ಆದರೆ ಅವರೂ ನಮ್ಮನ್ನು ತೋರಿಸಿ ಇದೇ ಮಾತು ಹೇಳುತ್ತಿರುತ್ತಾರಲ್ಲವೇ? ಎಲ್ಲರೂ ಎದುರಿನವನು ಮೊದಲು ಏಳಲಿ ಎಂದು ಕೂತರೆ, ಅಲುಗಾಡಬೇಡಿ ಎಂದ ಮೇಲೆ ಅಲುಗಾಡಿ ಎನ್ನುವವರು ಯಾರು? ಹಳೆಯ ಎಣ್ಣೆಯ ದುಡ್ಡಿನಿಂದಲೇ ಹೊಸ ದಾರಿ ಕಟ್ಟಬೇಕು, ಅದಕ್ಕಾಗಿ ಇನ್ನಷ್ಟು ಎಣ್ಣೆ ಹುಡುಕಬೇಕು ಎಂಬ ಮಾತೂ ಬಂತು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಆ ಮದುಮಗನಿಗೆ ಹೆಣ್ಣು ಕೊಡಲು ನನ್ನ ಮಗಳೇ ಸಿಕ್ಕಿದಳೇ?

ನಾನು ಸಾಚಾ ಎಂದು ಹೇಳುತ್ತಿಲ್ಲ. ಗ್ಯಾಸಿನ ಒಲೆಯಲ್ಲೇ ಅಡುಗೆ ಮಾಡುತ್ತೇನೆ. ಗಂಡನನ್ನು ಆಸ್ಪತ್ರೆಗೆ ಒಯ್ದದ್ದು ಡೀಸೆಲ್ ಜೀಪಿನಲ್ಲಿ. ಇನ್ನೂ ಜೋರಾಗಿ ಓಡಿಸಪ್ಪಾ ಎಂದು ಅತ್ತವಳು ನಾನೇ. ನಾಳೆಯೇ ಎಲ್ಲ ಬಾವಿ ಮುಚ್ಚಿ, ಎಲ್ಲ ಒಲೆ ಆರಿಸಿ ಎಂದು ನಾನು ಕೇಳುವುದಿಲ್ಲ. ಇರುವುದನ್ನು ನೋಡಿಕೊಂಡು ಬಳಸುತ್ತಾ ಬಿಡುವ ದಾರಿ ಹುಡುಕಿ. ಹುಡುಕುವುದಾದರೆ ಅದನ್ನು ಹುಡುಕಿ.

ಇದನ್ನು ಬರೆಯುತ್ತಿದ್ದೇನೆಂದು ತಿಳಿದು ಮೇಸ್ತ್ರಿ ಮನೆಗೆ ಬಂದಿದ್ದರು. ಒಳಗೆ ಬಾರದೆ ಹೊಸ್ತಿಲ ಮೇಲೇ ಕೂತರು. ಆ ದಿನದಿಂದ ಅವರು ನನ್ನ ಮುಖ ನೋಡಿ ಮಾತಾಡುವುದಿಲ್ಲ.

"ಬರೀಬೇಡ ತಂಗೀ. ಹುಡುಕೋದು ನಿಂತ್ರೆ ನಾವೆಲ್ಲ ಎಲ್ಲಿಗೆ ಹೋಗೋಣ? ನಂಗೆ ನೆಲ ಕೊರೆಸೋದು ಬಿಟ್ಟು ಬೇರೇನು ಬರುತ್ತೆ ಹೇಳು."

"ನೀರಿಗೂ ನೆಲ ಕೊರೀತಾರಲ್ಲಣ್ಣಾ. ಬತ್ತಿದ ಎಣ್ಣೆ ಬಾವಿಗಳು ಬಾಯಿ ತೆರ್ಕೊಂಡು ಬಿದ್ದವೆ, ಅವನ್ನ ಮುಚ್ಚೋರು ಬೇಡ್ವಾ?"

"ಯಾರು ಕೊಡ್ತಾರೆ ಆ ಕೆಲ್ಸ? ನೀನ್ ಕೊಡ್ತೀಯಾ?"

"ಕೊಡಬೇಕಾದೋರಿಗೇ ಬರೀತಾ ಇದೀನಿ."

ಅವರು ಹೊಸ್ತಿಲು ನೋಡುತ್ತಲೇ ಹೇಳಿದರು, "ನಾನು ಅವ್ನನ್ನ ನೋಡ್ತಾನೇ ಇದ್ದೆ ತಂಗೀ. ಕಣ್ಣು ತೆಗೀಲಿಲ್ಲ. ಎಷ್ಟು ಚೆನ್ನಾಗಿ ಕೂತವ್ನೆ ಅಂತ ನೋಡ್ತಾನೇ ಇದ್ದೆ." ಎದ್ದು ಹೋಗುವಾಗ, ನನ್ನ ಹೆಸರು ಮಾತ್ರ ಹಾಕಬೇಡ ಎಂದರು. ಹಾಕಿಲ್ಲ. ಅವರ ಪ್ರಶ್ನೆಯನ್ನು ಮಾತ್ರ ತಮಗೆ ದಾಟಿಸುತ್ತಿದ್ದೇನೆ. ಅವರಿಗೆ ಕೆಲಸ ಕೊಡದೆ ಹುಡುಕಾಟ ನಿಲ್ಲಿಸಿದರೆ ನಾನು ಬರೆದದ್ದು ಅರ್ಧ ಸುಳ್ಳಾಗುತ್ತದೆ.

ಇನ್ನು ನನ್ನ ಮಗಳ ಮಾತು. ಇಷ್ಟೆಲ್ಲ ಬರೆದದ್ದು ಇದಕ್ಕಾಗಿ.

ಅಪ್ಪನ ಜಾಗದ ಕೆಲಸ ಬಂದಿದೆ ಎಂದು ಹೇಳಿದಾಗ ಅವಳು ಅಳುತ್ತಾಳೆ, ಬೈಯುತ್ತಾಳೆ ಅಂದುಕೊಂಡೆ. "ಹೋಗ್ತೀನಿ" ಎಂದಳು. ಬೇಡ ಕಣೇ ಎಂದೆ. "ಅಮ್ಮಾ, ನಿನ್ನ ಮಾತು ಕೇಳಿದ್ರೆ ನಾನು ಮನೆಯಿಂದ ಹೊರಗೇ ಕಾಲಿಡೋ ಹಾಗಿಲ್ಲ. ಬಸ್ಸು ಬೇಡ, ಬ್ರೇಕ್ ಹೋಗುತ್ತೆ. ಲಿಫ್ಟ್ ಬೇಡ, ನಿಂತ್ಹೋಗುತ್ತೆ. ನೀನು ಯಾವುದಕ್ಕೆ ತಾನೇ ಹೂಂ ಅಂದಿದೀಯಾ?" ಎಂದಳು. ಅದೂ ನಿಜವೇ. ಜೀವನವಿಡೀ ತೋಳ ಬಂತು ತೋಳ ಎಂದವಳ ಮಾತನ್ನು, ತೋಳ ಬಂದು ಮನೆಯ ಯಜಮಾನನನ್ನೇ ಎತ್ತಿಕೊಂಡು ಹೋದ ಮೇಲೂ, ಯಾರು ಕೇಳುತ್ತಾರೆ? "ಅಪ್ಪನ ಹೆಸರು ಉಳಿಸ್ತೀನಿ" ಎಂದಳು. ಅಪ್ಪನ ಹೆಸರು ಕಲ್ಲು, ಬಂಗಾರೀ. ಉಳಿಸುವಂಥ ಹೆಸರಲ್ಲ ಅದು. ಹಾಗೆಂದು ಅವಳ ಮುಖಕ್ಕೆ ಹೇಳಲು ನನಗೆ ಬಾಯಿ ಬರಲಿಲ್ಲ. ಈಗ ಪತ್ರಿಕೆಯಲ್ಲಿ ಹೇಳುತ್ತಿದ್ದೇನೆ, ಓದುತ್ತಾಳೇನೋ.

ಈಚೆಗೆ ಅಡುಗೆಮನೆಯಲ್ಲಿ ಅವಳನ್ನು ಕಂಡೆ. ತೊಳೆಯುವ ತೊಟ್ಟಿಯ ಮುಂದೆ, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು. ನಲ್ಲಿ ಸುರಿಯುತ್ತಿತ್ತು. ಬಟ್ಟೆಯಿಂದ ನೀರು ಅವಳ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಕರೆದೆ, ತಿರುಗಲಿಲ್ಲ. ಹತ್ತಿರ ಹೋದೆ, ರೆಪ್ಪೆಯೂ ಅಲುಗಲಿಲ್ಲ. ನನ್ನ ಬುಗುರಿ, ಊಟದ ಹೊತ್ತಿನಲ್ಲೂ ಒಂದು ಕಾಲು ಕುಣಿಸುತ್ತಿದ್ದ ಹುಡುಗಿ. ಎರಡೂ ಹೆಗಲು ಹಿಡಿದು ಜಗ್ಗಿದೆ. "ಅಯ್ಯೋ ಅಮ್ಮಾ! ಕೆಡಿಸ್ಬಿಟ್ಟೆ! ಎಷ್ಟು ಚೆನ್ನಾಗಿ ನಿಂತಿದ್ದೆ!" ಎಂದು ರೇಗಿದಳು. ಅಭ್ಯಾಸ ಮಾಡುತ್ತಿದ್ದಳಂತೆ. ಈಗೀಗ ಬಹಳ ಹೊತ್ತು ನಿಲ್ಲಲು ಬರುತ್ತದೆಯಂತೆ. ಅಪ್ಪ ಇದ್ದಿದ್ದರೆ ಪಾತ್ರೆ ತೊಳೆಯುವ ಸರದಿ ಈಗ ನಿನ್ನದೇ ಆಗಿರುತ್ತಿತ್ತು ನೋಡು ಎಂದು ನಕ್ಕಳು.

ಅಂದಿನಿಂದ ಮನೆಯಲ್ಲಿ ಸದ್ದು ಕೇಳದಿದ್ದರೆ ನಾನು ಕೂತಲ್ಲಿಂದ ಏಳುತ್ತೇನೆ. ಹೋಗಿ ಮುಟ್ಟಿ ನೋಡುತ್ತೇನೆ. ಮೊದಲು ಬೀಗ, ಒಲೆ. ಈಗ ಮಗಳು.

ಮಾನ್ಯರೇ, ತಮ್ಮಿಂದ ನಾನು ಕೇಳುವುದು ಪರಿಹಾರವಲ್ಲ, ತನಿಖೆಯಲ್ಲ, ಯಾರ ಶಿಕ್ಷೆಯೂ ಅಲ್ಲ. ಹೊಸ ಜಾಗಗಳ ಶೋಧನೆಗೆ ಸಹಿ ಹಾಕಬೇಡಿ. ಇನ್ನು ಮುಂದೆ ಈ ದೇಶದ ನೆಲದಲ್ಲಿ, ಕಡಲಿನಲ್ಲಿ, ಎಣ್ಣೆಗೂ ಅನಿಲಕ್ಕೂ ಕಲ್ಲಿದ್ದಲಿಗೂ ಹೊಸ ಹುಡುಕಾಟವಿಲ್ಲ ಎಂದು ಘೋಷಿಸಿ. ಕೊರೆಯುವವರಿಗೆ, ಬೆಸೆಯುವವರಿಗೆ, ಸಾಲು ಕಾಯುವವರಿಗೆ ಅವರ ಕೈಗೆ ಒಗ್ಗುವ ಬೇರೆ ಕೆಲಸವನ್ನು ಅದೇ ಘೋಷಣೆಯಲ್ಲಿ ಬರೆಯಿರಿ. ತಾವು ಮಾತು ಕೊಟ್ಟ ಆ ವರ್ಷದವರೆಗೆ ನಾವೆಲ್ಲ ಬದುಕಿರಬೇಕಾದರೆ ಯಾರಾದರೂ ಮೊದಲು ಏಳಲೇಬೇಕು. ನಾನು ಮನೆಯಲ್ಲಿ ದಿನವೂ ಹೇಳುತ್ತೇನೆ, ಆಯ್ತು ಅಲುಗಾಡೇ, ಆಯ್ತು ಅಲುಗಾಡೇ ಎಂದು. ಗಾಬರಿಯ ಮಾತಿಗೆ ಯಾರೂ ಏಳುವುದಿಲ್ಲ. ನಮ್ಮ ಕೆಲಸದ ಕಟ್ಟುಪಾಡು ಹಾಗಿದೆ. ಅಲುಗಾಡಬೇಡಿ ಎಂದವರೇ ಅಲುಗಾಡಿ ಎನ್ನಬೇಕು.

ಒಳಗೆ ಮತ್ತೆ ಸದ್ದಿಲ್ಲ. ಇಲ್ಲಿಗೆ ನಿಲ್ಲಿಸಿ, ಹೋಗಿ ನೋಡಿ ಬರುತ್ತೇನೆ.

ಇಂತಿ,
ಕಲ್ಲಿನ ಹೆಂಡತಿ, ಬುಗುರಿಯ ತಾಯಿ,
ತಾವು ಕೂತ್ಕೊಳ್ಳಿ ಎಂದ ಮೇಲೂ ನಿಂತೇ ಇರುವ
ಗಾಬರಿ